ಬೀಗದಕೈ ಕುಣಿಗಲ್‌ಗೆ ಹೋಗಿದೆ

ಗುಬ್ಬಿ, ಸ್ಟಾಫ್ ರೂಮು

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಸುಮ್ಮನೆ ಬಿಡುವುದಿಲ್ಲ. ರಜೆ ಮುಗಿಸಿ ಗುಬ್ಬಿಯ ಹೆಣ್ಣುಮಕ್ಕಳ ಶಾಲೆಗೆ ಮತ್ತೆ ಕಾಲಿಟ್ಟ ದಿನವೇ ಸ್ಟಾಫ್ ರೂಮಿನಲ್ಲಿ ನನ್ನನ್ನು ಮಧ್ಯದಲ್ಲಿ ಕೂರಿಸಿಕೊಂಡರು. ರಾಣಿಯ ಅರಮನೆ ನೋಡಿದಿರಾ, ಹಿಮ ಬಿತ್ತಾ, ಅಲ್ಲಿಯವರು ನಿಜವಾಗಿಯೂ ಕಾಗದದಲ್ಲೇ ಒರೆಸಿಕೊಳ್ಳುತ್ತಾರಾ. ಗಣಿತದ ಮೇಡಂ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು, "ಹೇಳ್ರೀ ಮೇಡಂ, ಏನೇನ್ ನೋಡಿದ್ರಿ, ಒಂದೂ ಬಿಡ್ಬಾರ್ದು" ಎಂದರು.

ನಾನು ಹೆಚ್ಚಾಗಿ ನೋಡಿದ್ದು ಲಂಡನ್‌ನ ಆಚೆ ಕಾರ್ಡಿಫ್ ಎಂಬ ಊರಿನ ಒಂದು ಆಸ್ಪತ್ರೆಯ ಚಾವಣಿಯನ್ನು. ಹಾಗೆಂದಾಗ ಅಯ್ಯೋ ಪಾಪ ಎಂದು ಮಾತು ಬೇರೆ ಕಡೆಗೆ ತಿರುಗಿಸಿದರು. ಆಸ್ಪತ್ರೆಯ ಕಥೆ ಯಾರಿಗೆ ಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಅರಮನೆ, ಸೇತುವೆ, ಗಡಿಯಾರದ ಗೋಪುರಗಳನ್ನು ಬಯಸುವವರು ಇಲ್ಲೇ ನಿಲ್ಲಿಸಬಹುದು. ಮುಂದೆ ಓದುವವರಿಗೆ ಸಿಗುವುದು ನನ್ನ ಸಿಟ್ಟು. ಇಷ್ಟು ದಿನವಾದರೂ ಅದು ಇಳಿದಿಲ್ಲ.

ಆ ಸಿಟ್ಟಿನ ಬುಡ ಇರುವುದು ತುಮಕೂರಿನಲ್ಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ತಾಯಿಗೆ, ಅಮ್ಮಿಗೆ, ಪಿತ್ತಕೋಶದಲ್ಲಿ ಕಲ್ಲಾಗಿ ಊರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದೆವು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ ಸದ್ಯ ನಮ್ಮದಲ್ಲ ಎಂದು ಕಾಲು ಚಾಚಿ ಕೂರುತ್ತಾರೆ. ಬಲ ಪಕ್ಕೆಯ ಕೆಳಗೆ ಗೇಣುದ್ದ ಕೊಯ್ದಿದ್ದರು. ಡಾಕ್ಟರ ಕೈ ಒಳ್ಳೆಯದು, ಹೊಲಿಗೆ ಚೊಕ್ಕವಾಗಿತ್ತು, ಅದನ್ನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಆದರೆ ಮಾರನೇ ಬೆಳಗ್ಗೆ ಅರಿವಳಿಕೆಯ ಮತ್ತು ಪೂರ್ತಿ ಇಳಿದ ಮೇಲೆ ಅಮ್ಮಿ ಕೂಗಿದ್ದು ಕಾರಿಡಾರಿನ ಆಚೆ ತುದಿಗೂ ಕೇಳುತ್ತಿತ್ತು. ಓಡಿ ಹೋಗಿ ನರ್ಸಮ್ಮನನ್ನು ಕೇಳಿದೆ.

"ಪೆಥಿಡಿನ್ ಬೀರುವಲ್ಲಿದೆ ಟೀಚರ್. ಬೀಗದಕೈ ಡಾಕ್ಟ್ರ ಹತ್ರ ಇರುತ್ತೆ. ಇವತ್ತು ಗುರುವಾರ ಅಲ್ವಾ, ಕುಣಿಗಲ್‌ಗೆ ಹೋಗವ್ರೆ."

ಪೆಥಿಡಿನ್ ಎಂದರೆ ಅಫೀಮಿನ ಬಳಗಕ್ಕೆ ಸೇರಿದ, ಬಲವಾದ ನೋವಿನ ಇಂಜೆಕ್ಷನ್. ಯಾರಾದರೂ ಕದ್ದು ಚುಚ್ಚಿಕೊಂಡು ಚಟ ಹತ್ತಿಸಿಕೊಂಡಾರು ಎಂದು ಅದಕ್ಕೆ ಬೀಗ. ಅದೇನೋ ಸರಿಯೇ. ಆದರೆ ಡಾಕ್ಟರಿಗೆ ಗುರುವಾರ ಕುಣಿಗಲ್‌ನಲ್ಲಿ ಸ್ವಂತ ಕ್ಲಿನಿಕ್ಕು. ಅರಿವಳಿಕೆ ಕೊಡುವ ಡಾಕ್ಟರು ಬೆಂಗಳೂರಿನಿಂದ ಬರುವುದು ಬುಧವಾರ, ಆದ್ದರಿಂದ ಆಪರೇಷನ್ ನಡೆಯುವುದು ಬುಧವಾರ. ಹೊಟ್ಟೆ ಕೊಯ್ಯಿಸಿಕೊಂಡವರು ನೋವಿನಲ್ಲಿ ಒದ್ದಾಡುವುದು ಗುರುವಾರ. ಬೀಗದಕೈ ಕಾರಿನಲ್ಲಿ ಕೂತು ಕುಣಿಗಲ್‌ಗೆ ಹೋಗುವುದೂ ಗುರುವಾರ. ಯಾರೂ ಇದನ್ನು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹಾಗೇ ನಡೆದುಕೊಂಡು ಬಂದಿತ್ತು. ವಾರ್ಡಿನವರಿಗೆ ಅದು ಅಂಗಡಿಗೆ ವಾರದ ರಜೆ ಇದ್ದ ಹಾಗೆ ಅಭ್ಯಾಸವಾಗಿಬಿಟ್ಟಿತ್ತು.

ಆಯಾ ಬಂದು ಗದರಿದಳು. "ಹೆರಿಗೆಗಿಂತ ದೊಡ್ಡ ನೋವೇನಮ್ಮ ಇದು? ಮಕ್ಕಳು ಹೆತ್ತಿಲ್ವಾ ನೀನು? ಸುಮ್ನೆ ಮಲಗು, ಬೇರೆ ಪೇಷಂಟ್‌ಗಳು ನಿದ್ದೆ ಮಾಡ್ಬೇಕು." ಅಮ್ಮಿ ನಾಚಿಕೆಯಿಂದ ಸೆರಗು ಕಚ್ಚಿಕೊಂಡು ಸುಮ್ಮನಾದರು. ಸಂಜೆ ನೋಡಲು ಬಂದ ನೆಂಟರೆಲ್ಲ ಎಂಥ ಗಟ್ಟಿ ಹೆಂಗಸು ಎಂದು ಹೊಗಳಿದರು. ಅಲುಗಾಡದೆ, ಉಸಿರು ಬಿಗಿಹಿಡಿದು ಮಲಗಿದ ಆ ಗಟ್ಟಿ ಹೆಂಗಸಿಗೆ ವಾರ ತುಂಬುವುದರೊಳಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ತೀರಿಕೊಂಡರು. ಆಪರೇಷನ್ ಚೆನ್ನಾಗೇ ಆಯ್ತು, ಎದೆ ಕೈಕೊಡ್ತು, ವಯಸ್ಸಾಗಿತ್ತಲ್ಲ, ಎಂದರು ಡಾಕ್ಟರು. ನಾವೂ ತಲೆಯಾಡಿಸಿ ಹೆಣ ತೆಗೆದುಕೊಂಡು ಬಂದೆವು.

ಅಷ್ಟು ದಿನವೂ ಅಮ್ಮಿಯ ಕೈ ಹಿಡಿದು ಕೂತವಳು ನನ್ನ ತಂಗಿ ನೂರ್. ತುಮಕೂರಿನ ಬಟವಾಡಿಯಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾಳೆ. ಐದಾರು ವರ್ಷ ಕಳೆಯುವಷ್ಟರಲ್ಲಿ ಅವಳಿಗೂ ಅದೇ ಕಲ್ಲು. ಒಂದು ಸಲ ಕಣ್ಣೆಲ್ಲ ಹಳದಿಯಾಗಿ ಹೇಗೋ ಇಳಿಯಿತು. ಇನ್ನೊಂದು ಸಲ ಹೀಗಾದರೆ ಉಳಿಸುವುದು ಕಷ್ಟ, ತೆಗೆಸಿಬಿಡಿ ಎಂದರು ಡಾಕ್ಟರು. ಇವಳು ಜಪ್ಪಯ್ಯ ಎನ್ನಲಿಲ್ಲ. ನಮ್ಮ ಮನೆಮಾತು ಉರ್ದು, ಅವಳು ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಆಪಾ, ಕಲ್ಲಿಟ್ಕೊಂಡೇ ಸಾಯ್ತೀನಿ ಬಿಡು. ಆ ಮಂಚದ ಮೇಲೆ ಅಮ್ಮಿ ಥರ ಮಲಗೋಕೆ ನನ್ನ ಕೈಲಾಗಲ್ಲ." ಅಷ್ಟರಲ್ಲಿ ಕಾರ್ಡಿಫ್‌ನಲ್ಲಿದ್ದ ನಮ್ಮ ತಮ್ಮ ಯೂಸುಫ್ ನನಗೆ ಟಿಕೆಟ್ ಕಳಿಸಿದ. ನೂರ್‌ಗೆ ನೆಪ ಸಿಕ್ಕಿತು. ನೀನು ಹೋಗಿ ಬಾ, ಆಮೇಲೆ ನೋಡೋಣ ಎಂದು ನನ್ನನ್ನು ಹೆಚ್ಚುಕಡಿಮೆ ದಬ್ಬಿಯೇ ಕಳಿಸಿದಳು.

ಲಂಡನ್, ತಗಡಿನ ಪೆಟ್ಟಿಗೆ

ನಮ್ಮ ಯಜಮಾನರದು ಟ್ರಂಕು ಮಾಡುವ ಅಂಗಡಿ. ಹೆಂಡತಿ ಸೂಟ್‌ಕೇಸ್ ಹಿಡಿದು ವಿದೇಶಕ್ಕೆ ಹೋದರೆ ಬಟವಾಡಿಯಲ್ಲಿ ತನ್ನ ಮರ್ಯಾದೆ ಏನಾಗಬೇಕು ಎಂದು ಹಸಿರು ಬಣ್ಣ ಬಳಿದು, ಮುಚ್ಚಳದ ಮೇಲೆ ಗುಲಾಬಿ ಹೂ ಬರೆಸಿದ ಟ್ರಂಕೊಂದನ್ನು ಕೊಟ್ಟರು. ಲಂಡನ್ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತು ಸುತ್ತುವ ಪಟ್ಟಿಯ ಮೇಲೆ ಅದು ಢಣಢಣ ಸದ್ದು ಮಾಡುತ್ತ ಬಂದಾಗ ಜನ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಹಿಡಿ ಹಿಡಿದು ಎಳೆದೆ. ಹಿಡಿ ಕೈಗೆ ಬಂತು, ಟ್ರಂಕು ಮುಂದೆ ಹೋಯಿತು. ಅದು ಮತ್ತೊಂದು ಸುತ್ತು ಹಾಕಿ ಬರುವವರೆಗೆ ಕೈಯಲ್ಲಿ ಹಿಡಿ ಹಿಡಿದು ನಿಂತಿದ್ದೆ. ಒಬ್ಬರೂ ನಗಲಿಲ್ಲ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಾಗಿದ್ದರೆ ಹತ್ತು ಜನ ನಕ್ಕು, ಅವರಲ್ಲಿ ಇಬ್ಬರು ಟ್ರಂಕು ಹೊತ್ತು ತಂದುಕೊಡುತ್ತಿದ್ದರು. ಯಾವುದು ಮೇಲು ಎಂದು ಇನ್ನೂ ತೀರ್ಮಾನಿಸಿಲ್ಲ.

ಕಾರ್ಡಿಫ್, ಪಕ್ಕದ ಮನೆಯ ಕೇಕು

ಯೂಸುಫ್‌ನ ಪಕ್ಕದ ಮನೆಯಲ್ಲಿ ಗ್ವೆನ್ ಎಂಬ ವಯಸ್ಸಾದ ಹೆಂಗಸಿದ್ದರು. ನನ್ನನ್ನು ಚಹಾಕ್ಕೆ ಕರೆದರು. ಆಗ ತಾನೇ ಒಲೆಯಿಂದ ತೆಗೆದ ಕೇಕು, ಮನೆಯೆಲ್ಲ ಅದರ ಘಮ. ತಟ್ಟೆ ಮುಂದೆ ಹಿಡಿದು ತೆಗೆದುಕೊಳ್ಳಿ ಎಂದರು. ಬೇಡ, ಥ್ಯಾಂಕ್ಯೂ ಎಂದೆ. ಸರಿ ಎಂದು ತಟ್ಟೆಯನ್ನು ಒಳಗೆ ಇಟ್ಟುಬಂದರು.

ನನಗೆ ಕೆನ್ನೆಗೆ ಹೊಡೆದಂತಾಯಿತು. ನಮ್ಮಲ್ಲಿ ಯಾರಾದರೂ ಮೊದಲ ಸಲಕ್ಕೇ ಹೂಂ ಅನ್ನುತ್ತಾರೆಯೇ? ಈಗ ತಾನೇ ಆಯ್ತು ಅನ್ನಬೇಕು. ಅವರು ಅದೆಲ್ಲ ನಡೆಯಲ್ಲ ಅನ್ನಬೇಕು. ಹಾಗಾದ್ರೆ ಅರ್ಧ ಲೋಟ ಅನ್ನಬೇಕು. ಅವರು ತುಂಬಿಸಿ ತರಬೇಕು. ಜಾತಿ ಮತ ಯಾವುದೇ ಇರಲಿ, ತುಮಕೂರು ಸೀಮೆಯಲ್ಲಿ ಹೀಗಲ್ಲದೆ ಕಾಫಿ ಕುಡಿದವರನ್ನು ನಾನು ಕಂಡಿಲ್ಲ. ಇನ್ನು ತಟ್ಟೆಗೆ ತಾನೇ ಕೈಹಾಕಿ ತೆಗೆದುಕೊಳ್ಳುವವರಿಗೆ ನಮ್ಮಲ್ಲಿ ಇರುವ ಹೆಸರೇ ಬೇರೆ. ಹೊಟ್ಟೆ ಹಸಿದುಕೊಂಡು, ಗ್ವೆನ್‌ಳನ್ನು ಮನಸ್ಸಿನಲ್ಲೇ ಬೈದುಕೊಂಡು ಮನೆಗೆ ಬಂದೆ. ಯೂಸುಫ್ ಬಿದ್ದು ಬಿದ್ದು ನಕ್ಕ. "ಆಪಾ, ಇಲ್ಲಿ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ. ಬೇಕಿದ್ರೆ ಬೇಕು ಅನ್ಬೇಕು" ಎಂದ. ತಲೆಗೆ ಹೋಯಿತು, ಮೈಗೆ ಹೋಗಲಿಲ್ಲ.

ಕಾರ್ಡಿಫ್, ವಾರ್ಡು

ನೂರ್‌ಳ ಕಲ್ಲಿನ ಬಗ್ಗೆ ಚಿಂತೆ ಮಾಡುತ್ತಿದ್ದವಳ ಹೊಟ್ಟೆಯೊಳಗೂ ಒಂದು ಕೂತಿತ್ತು ಎಂದು ಗೊತ್ತಾಗಿದ್ದು ಅಲ್ಲಿಗೆ ಹೋದ ಎರಡನೇ ವಾರ. ಮಧ್ಯಾಹ್ನ ಊಟವಾದ ಮೇಲೆ ಬಲ ಪಕ್ಕೆ ಹಿಡಿದುಕೊಂಡಿತು. ನೆಲದ ಮೇಲೆ ಉರುಳಾಡಿದೆ. ಆಂಬ್ಯುಲೆನ್ಸ್ ಬಂತು. ಪಿತ್ತಕೋಶದಲ್ಲಿ ಕೀವಾಗಿದೆ, ತಡಮಾಡುವ ಹಾಗಿಲ್ಲ ಎಂದರು. ಅಮ್ಮಿಗೆ ಕೊಯ್ದ ಜಾಗದಲ್ಲೇ, ಅಷ್ಟೇ ಉದ್ದಕ್ಕೆ ನನಗೂ ಕೊಯ್ದರು.

ಎಚ್ಚರವಾದಾಗ ಮೇಗನ್ ಎಂಬ ನರ್ಸು ನನ್ನ ಬಲಗೈಗೆ ತಂತಿ ಕಟ್ಟಿದ ಒಂದು ಬಟನ್ ಕೊಟ್ಟು ಬೆರಳು ಮಡಿಸಿದಳು. ನಾನು ಇಂಗ್ಲಿಷ್ ಬರದವಳು ಎಂದುಕೊಂಡು ಕಿವುಡರಿಗೆ ಹೇಳುವ ಹಾಗೆ ಜೋರಾಗಿ ಹೇಳಿದಳು. ನೋವಾದರೆ ಒತ್ತು. ಪಕ್ಕದಲ್ಲಿರುವ ಮೆಷೀನು ನರಕ್ಕೆ ಔಷಧಿ ಬಿಡುತ್ತದೆ. ಹೆದರಬೇಡ, ಎಷ್ಟು ಒತ್ತಿದರೂ ಅದು ಅಳತೆ ಮೀರಿ ಕೊಡುವುದಿಲ್ಲ. ಹೊಸ ಮೆಷೀನು, ನಮ್ಮ ವಾರ್ಡಿನಲ್ಲಿ ಕೆಲವರಿಗೆ ಮಾತ್ರ ಕೊಟ್ಟು ನೋಡುತ್ತಿದ್ದೇವೆ.

ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವವಳು ನಾನು. ಒಂದೊಂದು ಮಾತೂ ಅರ್ಥವಾಯಿತು. ಥ್ಯಾಂಕ್ಯೂ ಸಿಸ್ಟರ್ ಎಂದೆ. ಆದರೆ ಒತ್ತಲಿಲ್ಲ.

ಯಾಕೆ ಒತ್ತಲಿಲ್ಲ ಎಂಬುದು ನಮ್ಮವರಿಗಾದರೂ ಅರ್ಥವಾದೀತು. ಔಷಧಿ ಯಾರಾದರೂ ಕೊಡುವಂಥದ್ದು. ನಾವೇ ಕೈಹಾಕಿ ತೆಗೆದುಕೊಳ್ಳುವಂಥದ್ದಲ್ಲ. ಮೇಗನ್ ಬರುತ್ತಾಳೆ, ಮುಖ ನೋಡುತ್ತಾಳೆ, ಒತ್ತಮ್ಮ ಪರವಾಗಿಲ್ಲ ಎನ್ನುತ್ತಾಳೆ, ಆಗ ಒತ್ತಿದರಾಯಿತು ಎಂದು ಕಾದೆ. ಅವಳು ಬಂದಾಗಲೆಲ್ಲ ಹೇಗಿದ್ದೀ ಎಂದಳು. ಚೆನ್ನಾಗಿದ್ದೇನೆ ಸಿಸ್ಟರ್ ಎಂದೆ. ಒಳ್ಳೆಯದು ಎಂದು ಹೋಗಿಬಿಟ್ಟಳು. ಕೇಕಿನ ತಟ್ಟೆ ಎತ್ತಿಕೊಂಡು ಹೋದ ಹಾಗೆಯೇ. ಉಸಿರೆಳೆದರೆ ಪಕ್ಕೆ ಹರಿಯುತ್ತಿತ್ತು. ಹಲ್ಲು ಕಚ್ಚಿ, ಎದೆಯ ಮೇಲ್ಭಾಗದಲ್ಲೇ ಸಣ್ಣಸಣ್ಣ ಉಸಿರು ಆಡುತ್ತ ಮಲಗಿದೆ. ಇನ್ನೊಂದು ಸಲ ಕೇಳಿದರೆ ನಿನ್ನ ಗಂಟೇನು ಹೋಗುತ್ತೆ ಎಂದು ಮೇಗನ್ ಮೇಲೆ ಸಿಟ್ಟು ಬಂತು. ಕೈಯಲ್ಲಿ ಬಟನ್ ಇತ್ತು.

ಅದೇ ವಾರ್ಡು, ಕೆಮ್ಮು

ಬೆಳಗ್ಗೆ ಎತ್ತರದ ಹುಡುಗಿಯೊಬ್ಬಳು ಬಂದಳು. ಆಪರೇಷನ್ ಆದವರಿಗೆ ಉಸಿರಾಟದ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಹೊಟ್ಟೆಗೆ ದಿಂಬು ಒತ್ತಿಹಿಡಿಸಿ, ಈಗ ಜೋರಾಗಿ ಕೆಮ್ಮಿ ಎಂದಳು. ನಾನು ಕೆಮ್ಮುವುದಿರಲಿ, ಅವಳ ಮುಖ ನೋಡಲೂ ಆಗಲಿಲ್ಲ. ಅವಳು ಮೆಷೀನಿನತ್ತ ಬಗ್ಗಿದಳು.

"ನೀವು ಒಂದು ಸಲವೂ ಒತ್ತಿಲ್ಲವಲ್ಲ" ಎಂದಳು.

"ಯಾರೂ ಒತ್ತು ಅನ್ನಲಿಲ್ಲ."

"ಮೇಗನ್ ಹೇಳಲಿಲ್ಲವೇ?"

"ಒಂದು ಸಲ ಹೇಳಿದಳು."

ಹುಡುಗಿ ನಗಲೋ ಬೇಡವೋ ಎಂದು ನೋಡಿ, ನಗದೆ ಮಂಚದ ಅಂಚಿನಲ್ಲಿ ಕೂತಳು. "ಹಾಗಾದರೆ ಎರಡನೇ ಸಲ ನಾನು ಹೇಳುತ್ತಿದ್ದೇನೆ. ಒತ್ತಿ" ಎಂದಳು. ಒತ್ತಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿಸಿದಳು. ನೋವು ಮಾಯವಾಗಲಿಲ್ಲ, ಎದ್ದು ಪಕ್ಕದ ಕೋಣೆಗೆ ಹೋಗಿ ಕೂತಿತು. ಇದೆ ಎಂದು ಗೊತ್ತು, ಆದರೆ ನನ್ನ ಮೇಲೆ ಕೂತಿಲ್ಲ. ದಿಂಬು ಅವುಚಿಕೊಂಡು ಕೆಮ್ಮಿದೆ. ಕಫ ಬಂತು. ಅವಳು ಪರೀಕ್ಷೆಯಲ್ಲಿ ಪಾಸಾದ ಮಗುವನ್ನು ನೋಡುವ ಹಾಗೆ ಸಂತೋಷಪಟ್ಟಳು.

"ಕೆಮ್ಮದಿದ್ದರೆ ಏನಾಗುತ್ತೆ?" ಎಂದು ಸುಮ್ಮನೆ ಮಾತಿಗೆ ಕೇಳಿದೆ.

ಅವಳೂ ಸುಮ್ಮನೆ ಮಾತಿಗೆ ಹೇಳಿದಳು. ಹೊಟ್ಟೆಯ ಮೇಲ್ಭಾಗ ಕೊಯ್ದವರಿಗೆ ನೋವಾದರೆ ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಕಫ ಒಳಗೇ ಉಳಿಯುತ್ತದೆ. ಎದೆ ಕಟ್ಟಿ ನ್ಯುಮೋನಿಯಾ ಆಗಬಹುದು. ವಯಸ್ಸಾದವರಾದರೆ ಹೋಗಿಬಿಡುವುದೂ ಉಂಟು. "ನೋವು ಇಳಿಸುವುದು ನಿಮ್ಮ ಸುಖಕ್ಕೆ ಅಂತ ಮಾತ್ರ ತಿಳಿಯಬೇಡಿ. ಅದೂ ಚಿಕಿತ್ಸೆಯೇ. ಗಲಾಟೆ ಮಾಡುವವರ ಬಗ್ಗೆ ನನಗೆ ಚಿಂತೆಯಿಲ್ಲ. ತುಟಿ ಕಚ್ಚಿಕೊಂಡು ಮಲಗುವವರನ್ನು ಕಂಡರೆ ಭಯ" ಎಂದಳು.

ಅಮ್ಮಿಯ ಸೆರಗು ಕಣ್ಣ ಮುಂದೆ ಬಂತು. ನಾನು ಅಳತೊಡಗಿದೆ. ಹುಡುಗಿ ಗಾಬರಿಯಾಗಿ, ನೋವೇ, ಇನ್ನೊಂದು ಸಲ ಒತ್ತಿ ಎಂದಳು. ಈ ನೋವು ಆ ಬಟನ್ನಿನ ಕೈಗೆ ಸಿಗುವಂಥದ್ದಲ್ಲ ಎಂದು ಹೇಳುವಷ್ಟು ಇಂಗ್ಲಿಷ್ ನನಗೆ ಆ ಹೊತ್ತಿನಲ್ಲಿ ಬರಲಿಲ್ಲ. ಅವಳು ನನ್ನ ಬೆನ್ನು ಸವರುತ್ತ ಕೂತಳು.

ಎದೆ ಕೈಕೊಡ್ತು ಅಂದರಲ್ಲ ಡಾಕ್ಟರು. ಅಮ್ಮಿಯ ಎದೆಗೆ ಏನಾಗಿತ್ತು? ಬೆಳಗ್ಗೆ ಬಾವಿಯಿಂದ ನೀರು ಸೇದಿ, ಇಡೀ ಬೀದಿಗೆ ಕೇಳುವ ಹಾಗೆ ನಮ್ಮನ್ನು ಬೈದು ಎಬ್ಬಿಸುತ್ತಿದ್ದ ಎದೆ ಅದು. ಕೆಮ್ಮಲು ಬಿಟ್ಟಿದ್ದರೆ ಇವತ್ತೂ ಬೈಯುತ್ತಿದ್ದರು. ಕೆಮ್ಮಲು ಒಂದು ಇಂಜೆಕ್ಷನ್ ಬೇಕಿತ್ತು. ಇಂಜೆಕ್ಷನ್ ಬೀರುವಿನಲ್ಲಿತ್ತು. ಬೀರು ಅವರ ಮಂಚದಿಂದ ಹತ್ತು ಮಾರು ದೂರದಲ್ಲಿತ್ತು. ಗದರಿದ ಆಯಾ, ಹೊಗಳಿದ ನೆಂಟರು, ಕಾರು ಹತ್ತಿದ ಡಾಕ್ಟರು, ಒಬ್ಬೊಬ್ಬರನ್ನೂ ಆ ಮಂಚದ ಮೇಲೆ ಮಲಗಿಕೊಂಡೇ ಸಾಲಾಗಿ ನಿಲ್ಲಿಸಿ ಬೈದೆ.

ಅಲ್ಲಿಯವರು ದೇವತೆಗಳು ಎಂದು ಯಾರೂ ತಿಳಿಯಬೇಡಿ. ಎದುರು ಮಂಚದ ಹೆಂಗಸು, ಹೋದ ವರ್ಷ ಬೇರೆ ಊರಿನಲ್ಲಿ ಆಪರೇಷನ್ ಆದಾಗ ತನ್ನನ್ನು ಯಾವ ನಾಯಿಯೂ ಕೇಳಲಿಲ್ಲ ಎಂದು ಹೇಳಿಕೊಂಡು ಅತ್ತಳು. ಉಪ್ಪಿಲ್ಲದ ಆಲೂಗಡ್ಡೆ ಕೊಡುತ್ತಾರೆ. ಭೇಟಿಯ ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿದರೆ ಒಡಹುಟ್ಟಿದವನನ್ನೂ ಹೊರಗೆ ಕಳಿಸುತ್ತಾರೆ. ಯೂಸುಫ್ ಬಾಗಿಲಲ್ಲಿ ತಿರುಗಿ ತಿರುಗಿ ನೋಡುತ್ತ ಹೋದಾಗ, ತುಮಕೂರಿನ ವಾರ್ಡಿನಲ್ಲಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಬೀಡುಬಿಡುವ ನಮ್ಮ ಬಂಧುಬಳಗ ನೆನಪಾಗಿ ಹೊಟ್ಟೆ ಉರಿಯಿತು. ಹೊರಡುವ ಮುಂಚೆ ಮೇಗನ್‌ಳನ್ನು ಕೇಳಿದೆ, ಮೆಷೀನು ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ? "ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಟ್ಟು, ಉಸಿರು ನಿಧಾನವಾಗದ ಹಾಗೆ ನೋಡಿಕೊಂಡು ಕೂತಿರಬೇಕು. ಕೂರೋದಕ್ಕೆ ಜನ ಬೇಕಲ್ಲ, ಅದೇ ಕಷ್ಟ" ಎಂದಳು. ಕೂರುವುದು ಹೇಗೆ ಎಂದು ಅವಳಿಂದ ಕಲಿತುಕೊಂಡೆ.

ತುಮಕೂರು

ನೂರ್‌ಗೆ ಗಾಯದ ಗುರುತು ತೋರಿಸಿದೆ. ಬೆರಳಿನಿಂದ ಮುಟ್ಟಿ ನೋಡಿದಳು. ಅಮ್ಮಿಯ ವಿಷಯ ಹೇಳಿದೆ. ಅವಳ ಕಣ್ಣಿನಲ್ಲಿ ಮತ್ತೆ ಹಳದಿ ಕಾಣತೊಡಗಿತ್ತು.

"ಬೀಗದಕೈ ಕುಣಿಗಲ್‌ಗೆ ಹೋಗ್ಬಾರ್ದು. ಹೋಗಲ್ಲ ಅಂತ ಡಾಕ್ಟ್ರ ಬಾಯಲ್ಲೇ ಹೇಳ್ಸು. ಆಮೇಲೆ ಮಲಗ್ತೀನಿ" ಎಂದಳು.

ಡಾಕ್ಟರು ಅವರೇ, ಅಮ್ಮಿಗೆ ಕೊಯ್ದವರು. ಕೂದಲು ಬೆಳ್ಳಗಾಗಿತ್ತು. ಬೇರೆ ಕಡೆ ಹೋಗಬಹುದಿತ್ತಲ್ಲ ಎನ್ನುವವರಿಗೆ ಹೇಳುತ್ತೇನೆ, ಆ ಆಪರೇಷನ್‌ಗೆ ಅವರಷ್ಟು ಒಳ್ಳೆಯ ಕೈ ನಮ್ಮ ಸುತ್ತಮುತ್ತ ಇರಲಿಲ್ಲ. ನನ್ನ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟು ನಕ್ಕರು.

"ನಿಮ್ಮ ಕಾರ್ಡಿಫ್ ಮೆಷೀನು ಇಲ್ಲಿ ಕರೆಂಟ್ ಹೋದ್ರೆ ಏನ್ಮಾಡುತ್ತೆ ಟೀಚರ್?"

"ಮೆಷೀನ್ ಬೇಡ ಡಾಕ್ಟ್ರೇ. ಸಿರಿಂಜ್ ಸಾಕು. ಕೂಗೋಕೆ ಮುಂಚೆ ಕೊಡಿ, ಹೊತ್ತೊತ್ತಿಗೆ ಕೊಡಿ. ಕೀ ಸಿಸ್ಟರ್ ಹತ್ರ ಬಿಟ್ಟು ಹೋಗಿ."

"ಚಟ ಹತ್ತುತ್ತೆ."

"ನಂಗೆ ಹತ್ತಿದ್ಯಾ?"

ಅವರಿಗೆ ರೇಗಿತು. "ನೋಡಿ, ಅದು ಜಾಸ್ತಿಯಾದ್ರೆ ಉಸಿರು ನಿಲ್ಲುತ್ತೆ. ನಲವತ್ತು ಮಂಚಕ್ಕೆ ಒಬ್ಬಳು ನರ್ಸು. ಯಾರ್ ನೋಡ್ತಾ ಕೂರ್ತಾರೆ? ಯಾರಾದ್ರೂ ಸತ್ರೆ ನೀವೇ ಬಂದು ಬಾಗಿಲು ಒಡೀತೀರಿ." ಇದು ಸುಳ್ಳು ಭಯವಲ್ಲ ಎಂದು ನನಗೂ ಗೊತ್ತು. ಅದಕ್ಕೇ ನನ್ನ ದನಿ ತಗ್ಗಿತು. ನಾವು ಕೂರುತ್ತೇವೆ ಎಂದೆ. ಹೇಗಿದ್ದರೂ ಪ್ರತಿ ಮಂಚಕ್ಕೆ ಮೂರು ಜನ ಕೂತಿರುತ್ತಾರೆ, ಕಿತ್ತಳೆ ಸುಲಿಯುತ್ತ. ಎದೆ ಏರಿಳಿಯುವುದನ್ನು ನೋಡುವುದು, ನಿಧಾನವಾದರೆ ಅಲುಗಾಡಿಸಿ ಸಿಸ್ಟರ್‌ನ ಕೂಗುವುದು, ಅಷ್ಟನ್ನು ಹೇಳಿಕೊಟ್ಟರೆ ಮಾಡುತ್ತಾರೆ.

"ಟೀಚರ್, ನಮ್ಮ ಹೆಂಗಸ್ರು ತಡ್ಕೋತಾರೆ. ಬಿಳಿಯರ ಥರ ಅಲ್ಲ. ಅದು ನಮ್ಮವರ ಶಕ್ತಿ."

"ತಡ್ಕೊಂಡೇ ನಮ್ಮ ತಾಯಿ ಸತ್ತಿದ್ದು. ಇದೇ ವಾರ್ಡಲ್ಲಿ. ಕೆಮ್ಮೋಕಾಗದೆ."

ಡಾಕ್ಟರು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಅದು ಮುಖದಲ್ಲೇ ಕಂಡಿತು. ತಾನು ಕೊಂದಿದ್ದೇನೆ ಎಂದು ಅವರಿಗೆ ಗೊತ್ತಿದ್ದಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನ ಅಮ್ಮಿ ಅವರಿಗೆ ಒಂದು ಒಳ್ಳೆಯ ಹೊಲಿಗೆ, ಅಷ್ಟೇ. ಕನ್ನಡಕ ಮತ್ತೆ ಹಾಕಿಕೊಂಡು, "ಸರಿ. ನಿಮ್ಮ ತಂಗಿ ಒಬ್ಬರಿಗೆ. ಬರೆದಿಡ್ತೀನಿ. ಕೀ ಈ ಗುರುವಾರ ಸಿಸ್ಟರ್ ಹತ್ರ ಇರುತ್ತೆ" ಎಂದರು. ಗೆದ್ದೆ ಎಂದುಕೊಂಡು ಆಟೋ ಹತ್ತಿದೆ.

ವಾರ್ಡು, ಗುರುವಾರ

ಬುಧವಾರ ನೂರ್‌ಳ ಕಲ್ಲು ತೆಗೆದರು. ಗುರುವಾರ ಬೆಳಗ್ಗೆ ಬೀಗದಕೈ ನರ್ಸ್ ಗಿರಿಜಮ್ಮನ ಸೊಂಟದಲ್ಲಿತ್ತು. ಅದನ್ನು ಎರಡು ಸಲ ಮುಟ್ಟಿಕೊಂಡು ನೋಡಿ ಅವರು ನೂರ್‌ಳ ಹತ್ತಿರ ಬಂದರು.

"ನೋವಿದ್ಯೇನಮ್ಮ?"

"ಪರವಾಗಿಲ್ಲ ಸಿಸ್ಟರ್" ಎಂದಳು ನನ್ನ ತಂಗಿ. ಹಣೆಯಲ್ಲಿ ಬೆವರು, ಕೈಯಲ್ಲಿ ಮಂಚದ ಕಂಬಿ.

ನನಗೆ ಎಲ್ಲಿತ್ತೋ ಸಿಟ್ಟು. "ಏನೇ ಪರವಾಗಿಲ್ಲ? ಅವ್ರು ಕಾಫಿ ಕೇಳ್ತಿಲ್ಲ ಕಣೇ. ಇದ್ರೆ ಇದೆ ಅನ್ನು."

ಪಕ್ಕದವರೆಲ್ಲ ತಿರುಗಿ ನೋಡಿದರು. ನೂರ್ ಕಣ್ಣು ಮುಚ್ಚಿಕೊಂಡಳು. "ಇದೆ ಸಿಸ್ಟರ್. ತುಂಬಾ ಇದೆ" ಎಂದಳು. ಗಿರಿಜಮ್ಮ ಚುಚ್ಚಿದರು. ಕೂತು ಎದೆ ನೋಡಿದೆ, ಏರುವುದು, ಇಳಿಯುವುದು. ಅವಳ ಹಿಡಿ ಸಡಿಲವಾಯಿತು. ಹೊಟ್ಟೆಗೆ ದಿಂಬು ಒತ್ತಿ, ಕೆಮ್ಮು ಎಂದೆ. ಕೆಮ್ಮಿದಳು. ಮತ್ತೆ ಕೆಮ್ಮಿದಳು. ಅಷ್ಟು ಕೊಳಕು ಸದ್ದು ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತು, ಮಧ್ಯಾಹ್ನದವರೆಗೂ ಉಸಿರು ಸಮನಾಗಿಯೇ ಇತ್ತು.

ಆಗ ಪಕ್ಕದ ಮಂಚದಿಂದ ದನಿ ಬಂತು. ಗುಬ್ಬಿ ಕಡೆಯ ಹಳ್ಳಿಯ ಹೊನ್ನಮ್ಮ ಎಂಬ ಹೆಂಗಸು. ಅದೇ ಬುಧವಾರ ಕರುಳಿನ ಆಪರೇಷನ್ ಆಗಿತ್ತು. ಬೆಳಗ್ಗೆಯಿಂದ ಒಂದು ಮಾತೂ ಆಡದೆ ಮಲಗಿದ್ದರು. ಎಂಥ ಗಟ್ಟಿಗಿತ್ತಿ ಎಂದು ಆಯಾ ಆಗಲೇ ಹೊಗಳಿ ಹೋಗಿದ್ದಳು.

"ಅವ್ವಾ, ನಂಗೂ ಐತೆ ಕಣವ್ವ ನೋವು. ನನ್ನ ಯಾರೂ ಕೇಳ್ನಿಲ್ಲ."

ಗಿರಿಜಮ್ಮನನ್ನು ಕರೆದೆ. ಅವರು ಬಂದರು, ಹೊನ್ನಮ್ಮನ ಮುಖ ನೋಡಿದರು, ಸೊಂಟದ ಬೀಗದಕೈ ಹಿಡಿದುಕೊಂಡರು. "ಆರ್ಡರ್ ಇರೋದು ನಿಮ್ಮ ತಂಗಿಗೆ ಒಬ್ರಿಗೇ ಟೀಚರ್. ಡಾಕ್ಟ್ರು ಬರೆದು ಸೈನ್ ಹಾಕ್ದೆ ನಾನು ಕೊಟ್ರೆ ನನ್ನ ಕೆಲ್ಸ ಹೋಗುತ್ತೆ. ಫೋನ್ ಬೆಳಗ್ಗೆಯಿಂದ ಸತ್ತಿದೆ. ನಾಳೆ ಬರ್ತಾರಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೀರು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಹೊನ್ನಮ್ಮ ಬಾಯಿಗೆ ಸೆರಗು ತುರುಕಿಕೊಂಡರು. ಎದೆಯ ಮೇಲ್ಭಾಗದಲ್ಲೇ ಸಣ್ಣಸಣ್ಣ ಉಸಿರು. ಅವರ ಸೊಸೆ ಕಾಲು ಒತ್ತುತ್ತ ಕೂತಿದ್ದಳು. ಅವಳಿಗೆ ನೂರ್‌ಳ ಎದೆ ತೋರಿಸಿ, ಹೀಗೆ ಏರಬೇಕು ಹೀಗೆ ಇಳಿಯಬೇಕು, ನಿಧಾನವಾದರೆ ಅಲುಗಾಡಿಸಿ ಸಿಸ್ಟರ್‌ನ ಕೂಗು ಎಂದು ಹೇಳಿಕೊಟ್ಟೆ. "ಆಯ್ತು, ನೋಡ್ಕಂತೀನಿ, ನೀವು ಹೋಗ್‌ಬನ್ನಿ" ಎಂದಳು. ಬಸ್‌ಸ್ಟ್ಯಾಂಡಿಗೆ ಹೋಗಿ ಕುಣಿಗಲ್ ಬಸ್ಸು ಹತ್ತಿದೆ.

ಕುಣಿಗಲ್

ಇಷ್ಟೆಲ್ಲ ದೇಶ ಸುತ್ತಿದವಳಿಗೆ ಕುಣಿಗಲ್‌ನ ದಾರಿ ಅಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಬಸ್ಸು ಕೈ ಅಡ್ಡ ಹಾಕಿದಲ್ಲೆಲ್ಲ ನಿಂತಿತು. ಕೋಳಿ ಹತ್ತಿದವು, ಹುಲ್ಲಿನ ಹೊರೆ ಹತ್ತಿತು. ಕಂಡಕ್ಟರ್ ಇಳಿದು ಯಾರದೋ ಮನೆಗೆ ಸುದ್ದಿ ಹೇಳಿ ಬಂದ. ಒಂದೊಂದು ನಿಲುಗಡೆಗೂ ಹೊನ್ನಮ್ಮ ಎಳೆಯಲಾರದ ಉಸಿರು ನನ್ನ ಪಕ್ಕೆಯಲ್ಲೇ ಸಿಕ್ಕಿಕೊಂಡಂತಾಗುತ್ತಿತ್ತು. ಅಮ್ಮಿ ಮಲಗಿದ್ದ ಆ ಗುರುವಾರ ಈ ದಾರಿಯಲ್ಲಿ ಯಾರಾದರೂ ಬಂದಿದ್ದರೆ ಎಂಬ ಯೋಚನೆಯನ್ನು ಬಲವಂತವಾಗಿ ಪಕ್ಕಕ್ಕೆ ತಳ್ಳಿದೆ.

ಕ್ಲಿನಿಕ್ಕಿನ ಜಗಲಿಯ ತುಂಬ ಜನ. ಚೀಟಿ ತಗೊಳ್ರಮ್ಮ ಎಂದು ಕಾಂಪೌಂಡರ್ ಅಡ್ಡ ಬಂದ. ಅವನನ್ನು ದಾಟಿಕೊಂಡು ಒಳಗೆ ಹೋದೆ. ಡಾಕ್ಟರು ಯಾರದೋ ಹೊಟ್ಟೆ ಒತ್ತಿ ನೋಡುತ್ತಿದ್ದರು. ನನ್ನನ್ನು ಕಂಡು ಮುಖ ಬಿಳಿಚಿಕೊಂಡಿತು.

"ಏನಾಯ್ತು? ನಿಮ್ಮ ತಂಗಿ ಉಸಿರು..."

"ತಂಗಿ ಆರಾಮಾಗಿದಾಳೆ ಡಾಕ್ಟ್ರೇ. ಕೆಮ್ಮಿದ್ಲು, ಮಲಗಿದಾಳೆ. ಪಕ್ಕದ ಬೆಡ್ಡಿನ ಹೊನ್ನಮ್ಮನವರ ವಿಷಯಕ್ಕೆ ಬಂದೆ. ಅವರಿಗೂ ಆರ್ಡರ್ ಬರೀಬೇಕು."

ಅವರು ಕೈ ಒರೆಸಿಕೊಳ್ಳುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೊರಗಿನ ಜನ ಬಾಗಿಲಲ್ಲಿ ಇಣುಕುತ್ತಿದ್ದರು.

"ಅದಕ್ಕೋಸ್ಕರ ತುಮಕೂರಿಂದ ಬಂದ್ರಾ? ಅವರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ" ಎಂದೆ. "ಅವರಿಗೆ ನೋವಿದೆ. ಬರ್ಕೊಡಿ."